ಎಸ್ಸೆಸ್ಸೆಲ್ಸಿಯಲ್ಲಿ 598, ಐಬಿಯಲ್ಲಿ 4: ಮಗಳನ್ನು ವಾಪಸ್ ಕರೆಸಬೇಕಾ?

ಹಾಸನದ ಅಪ್ಪ:
ಮಗಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 598 ತೆಗೆದಿದ್ದಳು. ಈಗ ಸ್ಕಾಲರ್‌ಶಿಪ್ ಮೇಲೆ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನ ಹಾಸ್ಟೆಲಿನಲ್ಲಿದ್ದಾಳೆ. ಐಬಿ ಡಿಪ್ಲೊಮಾ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್, ನಮ್ಮ ಪಿಯುಸಿಯಂಥ ಎರಡು ವರ್ಷದ ಕೋರ್ಸ್), ಮೊದಲ ವರ್ಷ. ಮೊದಲ ಟರ್ಮಿನ ರಿಪೋರ್ಟ್ ಬಂತು. ಕೆಮಿಸ್ಟ್ರಿ 4, ಇಂಗ್ಲಿಷ್ 4, ಗಣಿತ 5. ಎಲ್ಲವೂ 7ಕ್ಕೆ. "ಕ್ಲಾಸಲ್ಲಿ ಬಾಯಿ ಬಿಡೋಕೇ ಆಗಲ್ಲ ಅಪ್ಪ, ಎಲ್ಲರೂ ಪಟಪಟ ಮಾತಾಡ್ತಾರೆ" ಅಂತಾಳೆ. ಮನೆಯಲ್ಲಿ ಎಲ್ಲರೂ ಕರೆಸಿ ಪಿಯುಸಿಗೆ ಸೇರಿಸು ಅನ್ನುತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಐಬಿ ಕೆಮಿಸ್ಟ್ರಿ ಟೀಚರ್, ಬೆಂಗಳೂರು:
ಸರ್, 4 ಅಂದರೆ ನೂರಕ್ಕೆ 57 ಅಂತ ಲೆಕ್ಕ ಹಾಕಬೇಡಿ. ಸೈನ್ಸಿನ ಕಷ್ಟದ ಮಟ್ಟವಾದ ಹೈಯರ್ ಲೆವೆಲ್‌ನಲ್ಲಿ ಎಷ್ಟೋ ಸಲ 70ರ ಆಸುಪಾಸಿಗೇ 7 ಸಿಗುತ್ತದೆ. ಆರು ವಿಷಯಕ್ಕೆ 42, ಎಕ್ಸ್‌ಟೆಂಡೆಡ್ ಎಸ್ಸೇ (ಮಕ್ಕಳೇ ಬರೆಯುವ ಸಂಶೋಧನಾ ಪ್ರಬಂಧ) ಮತ್ತು ಟಿಓಕೆಗೆ (ಥಿಯರಿ ಆಫ್ ನಾಲೆಡ್ಜ್ ಅನ್ನುವ ವಿಷಯ) 3, ಒಟ್ಟು 45. ಪಾಸಾಗಲು ಕನಿಷ್ಠ 24 ಬೇಕು. ಮೊದಲ ಟರ್ಮಿನಲ್ಲಿ 4 ತೆಗೆದು ಕೊನೆಗೆ 6 ತೆಗೆದ ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದಾರೆ. ನಮ್ಮ ಸ್ಟೇಟ್ ಸಿಲಬಸ್ ಮಕ್ಕಳಿಗೆ ಲೆಕ್ಕ ಚೆನ್ನಾಗಿ ಬರುತ್ತೆ. "ಯಾಕೆ ಹೀಗಾಯ್ತು, ವಿವರಿಸಿ" ಅಂದಾಗ ತಡವರಿಸುತ್ತಾರೆ. ಅದಕ್ಕೆ ಸಮಯ ಬೇಕು.

ತೀರ್ಥಹಳ್ಳಿ ಹುಡುಗಿ:
ನಾನು ಓದಿದ್ದು ಪುಣೆ ಹತ್ತಿರ ಮುಳಶಿಯ ಯುಡಬ್ಲ್ಯೂಸಿ ಮಹೀಂದ್ರ ಕಾಲೇಜಿನಲ್ಲಿ. 1997ರಲ್ಲಿ ಶುರುವಾದ ಐಬಿ ಹಾಸ್ಟೆಲ್ ಕಾಲೇಜು. ನಮ್ಮದು ಅಡಿಕೆ ಮನೆ.

ನಿಮ್ಮ ಮಗಳ ಮಾತು ಓದಿ ತುಂಬಾ ಹತ್ತಿರ ಅನ್ನಿಸಿತು. ನನಗೂ ಮೊದಲು ಮಾತೇ ಹೊರಡುತ್ತಿರಲಿಲ್ಲ. ಆಮೇಲೆ ಹಿಂದಿನ ರಾತ್ರಿಯೇ ಒಂದು ಪ್ರಶ್ನೆ ಬರೆದಿಟ್ಟುಕೊಂಡು ಕ್ಲಾಸ್ ಶುರುವಾದ ಕೂಡಲೇ ಕೇಳಿಬಿಡುತ್ತಿದ್ದೆ. ಬೇರೆಯವರು ಮಾತು ಶುರುಮಾಡುವ ಮೊದಲೇ. ಅವಳಿಗೂ ಹೇಳಿ ನೋಡಿ.

ನಾನು ನಿಜವಾಗಿ ಬೆಳೆದದ್ದು ಎಕ್ಸ್‌ಟೆಂಡೆಡ್ ಎಸ್ಸೇ ಬರೆಯುವಾಗ. 4000 ಪದದ ಮಿತಿ, ವಿಷಯ ನಮ್ಮದೇ. ನಾನು ಬೋರ್ಡೋ ದ್ರಾವಣ ತೆಗೆದುಕೊಂಡೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುತ್ತಾರಲ್ಲ, ಅದೇ. ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ಅಪ್ಪ ಅದಕ್ಕೆ ರಾಳ ಸೇರಿಸುತ್ತಿದ್ದರು, ಅಂಟಿಕೊಳ್ಳಲಿ ಅಂತ. ರಾಳ ಇದ್ದರೆ, ಇಲ್ಲದಿದ್ದರೆ, ಮಳೆಗೆ ಎಷ್ಟು ತಾಮ್ರ ತೊಳೆದುಹೋಗುತ್ತೆ? ಇದು ನನ್ನ ಪ್ರಶ್ನೆ. ಊರಿಂದ ಹಸಿ ಅಡಿಕೆ ತಂದು, ದ್ರಾವಣದಲ್ಲಿ ಅದ್ದಿ, ಒಣಗಿಸಿ, ಮೇಲಿಂದ ನೀರು ಬಿಟ್ಟೆ. ಕೆಳಗೆ ಬಿದ್ದ ನೀರಿನಲ್ಲಿದ್ದ ತಾಮ್ರವನ್ನು ಬಣ್ಣದ ಗಾಢತೆ ನೋಡುವ ಕಲರಿಮೀಟರಿನಲ್ಲಿ ಅಳೆದೆ. ಸೂಪರ್‌ವೈಸರ್ ಉತ್ತರ ಹೇಳಲೇ ಇಲ್ಲ. "ಎರಡೂ ಅಡಿಕೆಗೆ ಒಂದೇ ಪ್ರಮಾಣದ ದ್ರಾವಣ ಅಂಟಿತ್ತು ಅಂತ ಹೇಗೆ ಹೇಳ್ತೀಯಾ?" ಅಂತ ಕೇಳಿ ಸುಮ್ನೆ ಕೂತರು. ಅದ್ದುವ ಮೊದಲು ಮತ್ತು ಆಮೇಲೆ ತೂಕ ಹಾಕಬೇಕು ಅಂತ ನನಗೇ ಹೊಳೆಯಿತು. ರಜೆಯಲ್ಲಿ ಮನೆಗೆ ಬಂದಾಗ ಅಪ್ಪ ಆ ಟೇಬಲ್‌ಗಳನ್ನೆಲ್ಲ ಕೂತು ನೋಡಿದರು. ನಾನು ಏನು ಓದುತ್ತಿದ್ದೇನೆ ಅಂತ ಅವರಿಗೆ ಅರ್ಥವಾಗಿದ್ದು ಆವತ್ತೇ.

ಇನ್ನೊಂದು ವಿಷಯ. ಸ್ಕೂಲಿನಲ್ಲಿ ಮೇಷ್ಟ್ರಿಲ್ಲದಿದ್ದರೂ ಮಾತೃಭಾಷೆಯ ಸಾಹಿತ್ಯವನ್ನು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ತಾನೇ ಓದಿಕೊಂಡು ಪರೀಕ್ಷೆ ಬರೆಯುವ ದಾರಿ ಐಬಿಯಲ್ಲಿದೆ. ಕನ್ನಡಕ್ಕೆ ಆಗುತ್ತಾ ಅಂತ ಸ್ಕೂಲಿನ ಐಬಿ ಕೋಆರ್ಡಿನೇಟರ್ ಹತ್ತಿರ ಬೇಗ ಕೇಳಿ. ವಿಷಯ ಬದಲಿಸಲು ಜಾಸ್ತಿ ದಿನ ಇರಲ್ಲ.

ಮೈಸೂರಿನ ಅಮ್ಮ:
ಮುಂದೆ ನೀಟ್ ಯೋಚನೆ ಇದ್ದರೆ ಈಗಲೇ ನೋಡಿಕೊಳ್ಳಿ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು. ಐಬಿಯಲ್ಲಿ ಮಾಮೂಲಿಯಾಗಿ ಎರಡು ಸೈನ್ಸ್ ತಗೋತಾರೆ, ಮೂರನೆಯದಕ್ಕೆ ವಿಶೇಷ ಅನುಮತಿ ಬೇಕು. ಮೇ ಪರೀಕ್ಷೆಯ ರಿಸಲ್ಟ್ ಬರುವುದು ಜುಲೈ ಮೊದಲ ವಾರ. ಇಲ್ಲಿನ ಅಡ್ಮಿಷನ್‌ಗೆ ಅದು ತಲೆನೋವು.

ಹಾಸನದ ಅಪ್ಪ:
ನೀಟ್ ಇಲ್ಲ ಮೇಡಂ, ಅವಳಿಗೆ ಎಕನಾಮಿಕ್ಸ್ ಇಷ್ಟ. ಟೀಚರ್ ಹೇಳಿದ ಅಂಕದ ಲೆಕ್ಕ ಮನೆಯಲ್ಲಿ ಓದಿ ಹೇಳಿದೆ, ಎಲ್ಲರೂ ಸ್ವಲ್ಪ ಸಮಾಧಾನವಾದರು. ಸದ್ಯಕ್ಕೆ ಕರೆಸುವುದಿಲ್ಲ. ಕನ್ನಡದ ಬಗ್ಗೆ ಕೋಆರ್ಡಿನೇಟರಿಗೆ ಈಗಷ್ಟೇ ಮೇಲ್ ಹಾಕಿದೆ. ತೀರ್ಥಹಳ್ಳಿಯವರೇ, ರಾಳ ಹಾಕಿದ್ದಕ್ಕೆ ತಾಮ್ರ ಉಳಿಯಿತಾ?

ತೀರ್ಥಹಳ್ಳಿ ಹುಡುಗಿ:
ಉಳಿಯಿತು ಸರ್. ಅಪ್ಪ ಈಗಲೂ ಹಾಕುತ್ತಾರೆ.