ಬಿಸಿಯಾಗುವ ಗ್ರಾಫಿಕ್ಸ್ ಕಾರ್ಡ್: ಚಿಕ್ಕ ಕ್ಯಾಬಿನೆಟ್ ಸಾಕೇ, ಮಧ್ಯಮ ಗಾತ್ರದ್ದು ಬೇಕೇ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಮುಖ್ಯರಸ್ತೆಗೆ ಹೊಂದಿಕೊಂಡ ಬಾಡಿಗೆ ಮನೆಯಲ್ಲಿದ್ದೇನೆ. ಕಿಟಕಿ ತೆರೆದರೆ ಧೂಳು ತಪ್ಪಿದ್ದಲ್ಲ. ವಿಡಿಯೊ ಎಡಿಟಿಂಗ್‌ಗಾಗಿ ಅಸೆಂಬಲ್ ಮಾಡಿಸಿದ ನನ್ನ ಕಂಪ್ಯೂಟರಿನಲ್ಲಿ ಮೈಕ್ರೋ ಎಟಿಎಕ್ಸ್ ಗಾತ್ರದ ಮದರ್‌ಬೋರ್ಡ್, 285 ಮಿ.ಮೀ. ಉದ್ದದ ಗ್ರಾಫಿಕ್ಸ್ ಕಾರ್ಡ್, 155 ಮಿ.ಮೀ. ಎತ್ತರದ ಟವರ್ ಕೂಲರ್ (ಪ್ರೊಸೆಸರನ್ನು ತಂಪಾಗಿಸುವ ಫ್ಯಾನಿನ ಜೋಡಣೆ) ಇವೆ. ಈಗಿನ ಚಿಕ್ಕ ಕ್ಯಾಬಿನೆಟ್ಟಿನ ಮುಂಭಾಗ ಪೂರ್ತಿ ಗಾಜಿನದು. ರೆಂಡರ್ (ಎಡಿಟ್ ಮಾಡಿದ ವಿಡಿಯೊ ಸಿದ್ಧಪಡಿಸುವ ಕೆಲಸ) ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಕಾರ್ಡ್ 84 ಡಿಗ್ರಿ ಮುಟ್ಟುತ್ತದೆ, ವೇಗ ಇಳಿಯುತ್ತದೆ. ಇನ್ನೂ ಚಿಕ್ಕದಾದ ಮಿನಿ ಐಟಿಎಕ್ಸ್ ಬೋರ್ಡ್ ಕೊಂಡು ಹೊಸ ಮಾದರಿಯ ಚಿಕ್ಕ ಕ್ಯಾಬಿನೆಟ್ಟಿಗೆ ಹೋಗಲೇ, ಅಥವಾ ಮಧ್ಯಮ ಗಾತ್ರದ್ದನ್ನು ತರಲೇ? ಮೇಜಿನ ಕೆಳಗೆ 26 ಸೆಂ.ಮೀ. ಅಗಲದ ಜಾಗವಿದೆ.

ಉತ್ತರ:
ಹಣ ಖರ್ಚು ಮಾಡುವ ಮೊದಲು ದಯವಿಟ್ಟು ಒಂದು ಪರೀಕ್ಷೆ ಮಾಡಿ. ಕ್ಯಾಬಿನೆಟ್ಟಿನ ಸೈಡ್ ಪ್ಯಾನೆಲ್ ತೆಗೆದಿಟ್ಟು, ಅದೇ ಕೋಣೆಯಲ್ಲಿ, ಅದೇ ರೆಂಡರನ್ನು ಅಷ್ಟೇ ಹೊತ್ತು ಓಡಿಸಿ ನೋಡಿ. ಕಾರ್ಡಿನ ಉಷ್ಣತೆ ಎದ್ದು ಕಾಣುವಷ್ಟು ಇಳಿದರೆ ಕ್ಯಾಬಿನೆಟ್ಟಿನೊಳಗೆ ಗಾಳಿ ಸಾಲುತ್ತಿಲ್ಲವೆಂದೇ ಅರ್ಥ. ಇಳಿಯದಿದ್ದರೆ ಕಾರ್ಡಿನ ಬಿಸಿ ಹೊರಹಾಕುವ ಲೋಹದ ಹೀಟ್ ಸಿಂಕಿನಲ್ಲಿ ಧೂಳು ಕಟ್ಟಿರಬಹುದು ಅಥವಾ ಚಿಪ್ಪಿನ ಬಿಸಿಯನ್ನು ಅದಕ್ಕೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಆಗ ಯಾವ ಹೊಸ ಕ್ಯಾಬಿನೆಟ್ ತಂದರೂ ಫಲವಿಲ್ಲ.

ಚಿಕ್ಕದೆಲ್ಲ ಬಿಸಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಜಾಲರಿಯಿದ್ದು, ಕಾರ್ಡಿನ ಫ್ಯಾನುಗಳು ನೇರವಾಗಿ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುವ ಚಿಕ್ಕ ಕ್ಯಾಬಿನೆಟ್ಟುಗಳು ಚೆನ್ನಾಗಿಯೇ ತಂಪಾಗಿರುತ್ತವೆ. ಆದರೆ ಮಿನಿ ಐಟಿಎಕ್ಸ್ ಬೋರ್ಡ್ 170 ಮಿ.ಮೀ. ಚೌಕದ್ದು, ಅದರಲ್ಲಿ ವಿಸ್ತರಣೆಗೆ ಒಂದೇ ಸ್ಲಾಟ್, ರ‍್ಯಾಮ್‌ಗೆ ಸಾಮಾನ್ಯವಾಗಿ ಎರಡೇ ಸ್ಲಾಟ್ ಇರುತ್ತವೆ, ಜೊತೆಗೆ ಅಂಥ ಹಲವು ಕ್ಯಾಬಿನೆಟ್ಟುಗಳಿಗೆ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಗಾತ್ರದ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ) ಬೇಕಾಗುತ್ತದೆ. ನಿಮ್ಮ 244 ಮಿ.ಮೀ. ಮೈಕ್ರೋ ಎಟಿಎಕ್ಸ್ ಬೋರ್ಡಾದರೋ ಮಧ್ಯಮ ಗಾತ್ರದ ಎಟಿಎಕ್ಸ್ ಕ್ಯಾಬಿನೆಟ್ಟಿನಲ್ಲಿ ಹಾಗೆಯೇ ಕೂರುತ್ತದೆ, ಬೇರೇನನ್ನೂ ಕೊಳ್ಳಬೇಕಾಗಿಲ್ಲ. ಮುಂಭಾಗ ಜಾಲರಿಯಿರುವುದನ್ನೇ ಆರಿಸಿ.

ಮರುಪ್ರಶ್ನೆ:
ಪ್ಯಾನೆಲ್ ತೆಗೆದಾಗ 73 ಡಿಗ್ರಿಯಲ್ಲಿ ನಿಂತಿತು, ಧನ್ಯವಾದ. ಎಸ್.ಪಿ. ರೋಡಿನ ಅಂಗಡಿಯಲ್ಲಿ ನೋಡಿದ ಕ್ಯಾಬಿನೆಟ್ಟಿನ ಪೆಟ್ಟಿಗೆಯ ಮೇಲೆ ‘330 ಮಿ.ಮೀ. ಕಾರ್ಡಿನವರೆಗೆ’ ಎಂದಿದೆ. ಮುಂದೊಂದು ದಿನ ದ್ರವದಿಂದ ತಂಪಾಗಿಸುವ ಕೂಲರಿನ 240 ಮಿ.ಮೀ. ರೇಡಿಯೇಟರ್ ಹಾಕುವ ಆಸೆಯೂ ಇದೆ. ಸಾಲುತ್ತದೆಯೇ?

ಉತ್ತರ:
ಅದನ್ನು ಮುಂಭಾಗಕ್ಕೆ ಹಾಕಿದರೆ ಸಾಲುವುದಿಲ್ಲ. ರೇಡಿಯೇಟರ್ ಸುಮಾರು 27 ಮಿ.ಮೀ., ಅದರ ಫ್ಯಾನ್ 25 ಮಿ.ಮೀ. ದಪ್ಪ, ಎರಡನ್ನೂ 330ರಲ್ಲಿ ಕಳೆದರೆ ಉಳಿಯುವುದು 278, ನಿಮ್ಮ ಕಾರ್ಡ್ 285. ಪೆಟ್ಟಿಗೆಯ ಮೇಲಿನ ಅಂಕಿ ಬಹಳ ಸಲ ಮುಂಭಾಗ ಖಾಲಿಯಿದ್ದಾಗಿನದು ಎಂಬುದು ಅಂಗಡಿಯಲ್ಲಿ ನಿಂತಾಗ ನೆನಪಾಗುವುದಿಲ್ಲ, ಆದ್ದರಿಂದ ಟೇಪ್ ಒಯ್ದು ಒಳಗೆ ಅಳೆದೇ ಕೊಳ್ಳಿ. ಈಗಿನ ಟವರ್ ಕೂಲರನ್ನೇ ಉಳಿಸಿಕೊಳ್ಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಅದಕ್ಕೆ 160 ಮಿ.ಮೀ. ಎತ್ತರದ ಕೂಲರ್ ಹಿಡಿಯುವ ಕ್ಯಾಬಿನೆಟ್ ಧಾರಾಳವಾಯಿತು.

ಧೂಳಿನ ವಿಷಯದಲ್ಲಿ, ಗಾಳಿ ಒಳಗೆಳೆಯುವ ಫ್ಯಾನುಗಳು ಹೊರಹಾಕುವವುಗಳಿಗಿಂತ ಹೆಚ್ಚಿರಲಿ. ಆಗ ಒಳಗಿನ ಒತ್ತಡ ತುಸು ಹೆಚ್ಚಿ, ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಬಂದದ್ದು ಮುಂದಿನ ಫಿಲ್ಟರಿನಲ್ಲಿ ನಿಲ್ಲುತ್ತದೆ, ಅದನ್ನು ಆಗಾಗ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಸುಮಾರು 22 ಸೆಂ.ಮೀ. ಅಗಲದ ಕ್ಯಾಬಿನೆಟ್ 26 ಸೆಂ.ಮೀ. ಜಾಗದಲ್ಲಿ ಹಿಡಿಸುತ್ತದೆ, ಆದರೆ ಮೇಜಿನ ಹಿಂಬದಿ ಹಲಗೆಯಿಂದ ಮುಚ್ಚಿದ್ದರೆ ಹೊರಬಿದ್ದ ಬಿಸಿಗಾಳಿಯೇ ಸುತ್ತಿ ಮತ್ತೆ ಒಳಬರುತ್ತದೆ.

ಬೋರ್ಡ್ ಕೂರಿಸುವಾಗ ಇನ್ನೊಂದು ಎಚ್ಚರಿಕೆ. ದೊಡ್ಡ ಎಟಿಎಕ್ಸ್ ಬೋರ್ಡಿಗೆಂದು ಮೊದಲೇ ಬಿಗಿದಿರುವ, ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳಲ್ಲಿ ನಿಮ್ಮ ಬೋರ್ಡಿನ ರಂಧ್ರಗಳಿಗೆ ಹೊಂದದವನ್ನು ಬಿಚ್ಚಿ ತೆಗೆಯಿರಿ. ಉಳಿದುಬಿಟ್ಟ ಒಂದು ಬೋರ್ಡಿನ ಬೆನ್ನಿಗೆ ತಗುಲಿದರೂ ಶಾರ್ಟ್ ಆಗುವ ಅಪಾಯವಿದೆ.