ಹುಬ್ಬಳ್ಳಿ ಬಿಸಿಲಿಗೆ 5ಡಬ್ಲ್ಯೂ-30 ಸಾಕಾ, ದಪ್ಪ ಆಯಿಲ್ ಬೇಕಾ?

ಉಣಕಲ್_ಪೆಟ್ರೋಲ್:
ನಮಸ್ಕಾರ್ರಿ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 90 ಸಾವಿರ ಕಿ.ಮೀ. ಓಡಿದೆ. ದಿನಾ ಧಾರವಾಡಕ್ಕೆ ಹೋಗಿ ಬರುತ್ತೇನೆ. ಮ್ಯಾನುಯಲ್‌ನಲ್ಲಿ ಎಂಜಿನ್ ಆಯಿಲ್ 5ಡಬ್ಲ್ಯೂ-30 ಅಂತ ಇದೆ. ಗ್ಯಾರೇಜಿನವರು "ಅದು ನೀರಿನಂಗ ಇರ್ತದ, ನಮ್ಮ ಬಿಸಿಲಿಗೆ ತಡಿಯಂಗಿಲ್ಲ, 20ಡಬ್ಲ್ಯೂ-50 ಹಾಕಿಸ್ರಿ" ಅಂತಾರೆ. ಅಂಗಡಿಯವರು ಕೇಳೋ ಮೊದಲೇ 10ಡಬ್ಲ್ಯೂ-40 ಕೈಗಿಡುತ್ತಾರೆ. ಯಾರ ಮಾತು ಕೇಳೋದು? ಇನ್ನೊಂದು, ಹೊಸ ಆಯಿಲ್ ಸ್ವಲ್ಪ ದಿನಕ್ಕೇ ಕಪ್ಪಾಗುತ್ತೆ, ಡೂಪ್ಲಿಕೇಟ್ ಇರಬಹುದಾ?

ಸ್ಪ್ಯಾನರ್_ಧಾರವಾಡ:
ಮ್ಯಾನುಯಲ್ ಮಾತು ಕೇಳಿ ಸರ. ಹೊರಗಿನ ಬಿಸಿಲಿಗೂ ಇದಕ್ಕೂ ಅಷ್ಟು ಸಂಬಂಧ ಇಲ್ಲ. ಡಿಸೆಂಬರ್ ಇರಲಿ ಏಪ್ರಿಲ್ ಇರಲಿ, ಎಂಜಿನ್ ಒಮ್ಮೆ ಬಿಸಿಯಾಯ್ತು ಅಂದ್ರೆ ಥರ್ಮೋಸ್ಟಾಟ್ ಕೂಲಂಟನ್ನು 90 ಡಿಗ್ರಿ ಆಸುಪಾಸಿನಲ್ಲೇ ಹಿಡಿದಿಡುತ್ತೆ, ಆಯಿಲ್ ಕೂಡ ಹೆಚ್ಚುಕಮ್ಮಿ ಅಲ್ಲೇ ಓಡಾಡುತ್ತೆ. ಗ್ರೇಡಿನ ಎರಡನೇ ಅಂಕಿ, ಅಂದರೆ 5ಡಬ್ಲ್ಯೂ-30ರಲ್ಲಿ 30, ಆಯಿಲ್ ದಪ್ಪವನ್ನು 100 ಡಿಗ್ರಿಯಲ್ಲಿ ಅಳೆದದ್ದು. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪ ಅಳೆಯೋ ಮಾನ) ಒಳಗೆ, 50 ಅಂದರೆ 16.3ರಿಂದ ಮೇಲೆ. ಬಹಳ ಫರಕು ಅದು.

ಮೊದಲ ಅಂಕಿ ಚಳಿ ಕಡೆಯದು. 5ಡಬ್ಲ್ಯೂ ಆಯಿಲ್‌ಗೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಎಂಜಿನ್ ತಿರುಗಿಸೋ ಪರೀಕ್ಷೆ ಇರುತ್ತೆ, 20ಡಬ್ಲ್ಯೂಗೆ 15 ಡಿಗ್ರಿ ಕೆಳಗೆ. ಹುಬ್ಬಳ್ಳಿ ಚಳಿ ಒಂದು ಸ್ವೆಟರಿಗೆ ಮುಗಿಯುತ್ತೆ, ಹಾಗಾಗಿ ನಮಗೆ ಅದರ ತಲೆಬಿಸಿ ಕಮ್ಮಿ. ನೋಡಬೇಕಾದ್ದು ಎರಡನೇ ಅಂಕಿ. ಈಗಿನ ಎಂಜಿನ್‌ನಲ್ಲಿ ವಾಲ್ವ್ ಟೈಮಿಂಗ್ ಬದಲಿಸೋ ವಿವಿಟಿ ಕೂಡ ಆಯಿಲ್ ಒತ್ತಡದಲ್ಲೇ ಕೆಲಸ ಮಾಡುತ್ತೆ, ಅದರ ದಾರಿಗಳು ಸಣ್ಣ. 50 ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲೆ ಹೋಗೋದು ತಡ, ಮೈಲೇಜ್ ಕೂಡ ಇಳಿಯುತ್ತೆ.

ಕಪ್ಪಾದರೆ ಹೆದರಬೇಡಿ. ಒಳಗಿನ ಮಸಿ, ಕೊಳೆ ಎಲ್ಲ ತನ್ನಲ್ಲಿ ಹಿಡಿದಿಟ್ಟುಕೊಳ್ಳೋದು ಅದರ ಕೆಲಸವೇ ಅಲ್ವಾ.

ಹಳೇಮಾಡೆಲ್_ಹಾವೇರಿ:
ಗ್ಯಾರೇಜಿನವರನ್ನು ಸುಮ್ನೆ ಬೈಯಬೇಡಿ. ಅಂಬಾಸಿಡರ್, ಹಳೇ ಜೀಪು ಬಿಚ್ಚಿ ಕಲಿತ ಕೈ ಅದು. ಆ ಎಂಜಿನ್‌ಗಳಲ್ಲಿ ಭಾಗಗಳ ನಡುವೆ ಸಂದು ಜಾಸ್ತಿ, ದಪ್ಪ ಆಯಿಲೇ ಸರಿ ಇತ್ತು. ನಿಮ್ಮ ಗಾಡಿ ಆಯಿಲ್ ಕುಡೀತಾ ಇದೆಯಾ ಅದನ್ನು ಹೇಳಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಒರೆಸಿ ಮತ್ತೆ ಅದ್ದಿ ನೋಡಿ. ಮಟ್ಟ ಇಳೀತಾ ಇದ್ದು, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರ್ತಾ ಇದ್ದು, ಮ್ಯಾನುಯಲ್‌ನ ಪಟ್ಟಿಯಲ್ಲಿ 40 ಕೂಡ ಇದ್ದರೆ ಒಂದು ಮೆಟ್ಟಿಲು ಮೇಲೆ ಹೋಗಬಹುದು. 50 ಮಾತ್ರ ಬೇಡ.

ಗದಗ_ಡೀಸೆಲ್:
ಬಿಎಸ್6 ಡೀಸೆಲ್ ಇರುವವರು ಬರೀ ಗ್ರೇಡ್ ನೋಡಿ ಆಯಿಲ್ ತಗೋಬೇಡ್ರಿ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು, ಡಬ್ಬಿ ಹಿಂದೆ ಎಸಿಇಎ (ಯುರೋಪಿನ ಆಯಿಲ್ ಗುಣಮಟ್ಟದ ಗುರುತು) ಸಿ2 ಅಥವಾ ಸಿ3 ಅಂತ ಇರುತ್ತೆ, ಯಾವುದು ಅನ್ನೋದು ಮ್ಯಾನುಯಲ್‌ನಲ್ಲಿ ಸಿಗುತ್ತೆ. ಮಸಿ ಸುಟ್ಟು ಹೋಗುತ್ತೆ, ಬೂದಿ ಫಿಲ್ಟರ್‌ನಲ್ಲೇ ಉಳಿಯುತ್ತೆ. ಊರೊಳಗೇ ಓಡಾಡೋ ಗಾಡಿಯಲ್ಲಿ ಆಯಿಲ್ ಮಟ್ಟ ಇಳಿಯೋ ಬದಲು ಏರಿದರೆ ಖುಷಿಪಡಬೇಡಿ. ಮಸಿ ಸುಡಲು ಚೆಲ್ಲಿದ ಡೀಸೆಲ್ ಕೆಳಗಿಳಿದು ಆಯಿಲ್ ಜೊತೆ ಸೇರಿರುತ್ತೆ. ಕಡ್ಡಿ ಮೂಸಿದರೆ ವಾಸನೆ ಗೊತ್ತಾಗುತ್ತೆ.

ಉಣಕಲ್_ಪೆಟ್ರೋಲ್:
ನೋಡಿದೆ. ಮಟ್ಟ ಸರಿ ಇದೆ, ಹೊಗೆ ಇಲ್ಲ. 5ಡಬ್ಲ್ಯೂ-30ನೇ ಹಾಕಿಸುತ್ತೇನೆ. ಡಬ್ಬಿಯಲ್ಲಿ ಉಳಿದದ್ದನ್ನು ಬೈಕಿಗೆ ಹಾಕಬಹುದಾ?

ಸ್ಪ್ಯಾನರ್_ಧಾರವಾಡ:
ಬೇಡವೇ ಬೇಡ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟು ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ, ಕಾರಿನ ಆಯಿಲ್ ಹಾಕಿದರೆ ಜಾರಬಹುದು. ಬೈಕಿಗೆ ಜಾಸೋ ಎಂಎ (ಇಂಥ ಕ್ಲಚ್‌ಗೆ ಹೊಂದೋ ಆಯಿಲ್‌ನ ಜಪಾನಿ ಗುರುತು) ಅಂತ ಬರೆದದ್ದೇ ತಗೊಳ್ಳಿ. ಉಳಿದದ್ದು ಮುಚ್ಚಳ ಬಿಗಿ ಮಾಡಿ ಟಾಪ್ ಅಪ್‌ಗೆ ಇಟ್ಟುಕೊಳ್ಳಿ. ಸೀಲ್ ನಿಮ್ಮ ಮುಂದೆಯೇ ಒಡೆಸಿ, ಆಯಿಲ್ ಫಿಲ್ಟರ್ ಜೊತೆಗೇ ಬದಲಿಸಿ. ಖಾಲಿಯಾದ ಮೇಲೆ ಡಬ್ಬಿಗೆ ತೂತು ಹಾಕಿಯೇ ಗುಜರಿಗೆ ಕೊಡಿ, ಇಲ್ಲಾಂದ್ರೆ ಅದರಲ್ಲೇ ಡೂಪ್ಲಿಕೇಟ್ ತುಂಬಿ ಮತ್ತೆ ಮಾರುತ್ತಾರೆ.