ಮಗಳಿಗೆ ಬ್ಲೂಬೆರಿ ತರಲೋ, ಬಾರಿ ಹಣ್ಣು ಸಾಕೋ?

ಹುಬ್ಬಳ್ಳಿಯಿಂದ ಪ್ರಶ್ನೆ:
ಮಗಳಿಗೆ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇದೆ. ಡಾಕ್ಟರ್ ಕೊಟ್ಟ ಗುಳಿಗೆ ನಡೆದಿದೆ, ಜೊತೆಗೆ ಹಣ್ಣು ಜಾಸ್ತಿ ಕೊಡಿ ಅಂದಿದ್ದಾರೆ. ಎಲ್ಲರೂ ಬ್ಲೂಬೆರಿ ಅಂತಾರೆ. ರೇಟ್ ಕೇಳಿದರೆ ತಲೆ ತಿರುಗುತ್ತದೆ. ನಮ್ಮ ಕವಳಿ, ನೇರಲ, ಬಾರಿ ಹಣ್ಣಿನಲ್ಲಿ ಅಷ್ಟು ಸತ್ವ ಇರುತ್ತದಾ? ಕೊಟ್ಟು ನೋಡಿದವರು ಹೇಳ್ರೀ.

ಧಾರವಾಡದಿಂದ:
ಅಕ್ಕಾರ, ಹಿಮೋಗ್ಲೋಬಿನ್‌ಗೆ ಅಂತಾದರೆ ಬ್ಲೂಬೆರಿ ಬಿಡಿ. ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಸಿ ವಿಟಮಿನ್ ಕೂಡ 100 ಗ್ರಾಂಗೆ ಸುಮಾರು 10 ಮಿಲಿಗ್ರಾಂ ಅಷ್ಟೇ. ಅದು ಹೆಸರುವಾಸಿ ಆಗಿದ್ದು ಸಿಪ್ಪೆಯ ಬಣ್ಣದಿಂದ, ಆಂಥೋಸಯಾನಿನ್ ಅಂತಾರಲ್ಲ, ಅದರಿಂದ. ನಿಮಗೆ ಬೇಕಾಗಿರೋದು ಬಣ್ಣ ಅಲ್ಲ, ಸಿ ವಿಟಮಿನ್. ರೊಟ್ಟಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಅದು ಸಹಾಯ ಮಾಡುತ್ತದೆ. ಹಾಗಾಗಿ ಹಣ್ಣನ್ನು ಸಂಜೆ ಬೇರೆ ಕೊಡಬೇಡಿ, ಊಟದ ಜೊತೆಗೇ ಕೊಡಿ. ಬಾರಿ ಹಣ್ಣಿನಲ್ಲಿ 100 ಗ್ರಾಂಗೆ ಸಿ ವಿಟಮಿನ್ 70 ಮಿಲಿಗ್ರಾಂ ಆಸುಪಾಸು ಇರುತ್ತದೆ, ಸ್ಟ್ರಾಬೆರಿಯಲ್ಲಿ 60ರ ಹತ್ತಿರ. ಪೇರಲದಲ್ಲಿ 200 ದಾಟುತ್ತದೆ! ನಮ್ಮನೆಯಲ್ಲಿ ರೊಟ್ಟಿ, ಮೆಂತೆ ಪಲ್ಯದ ಜೊತೆ ಅರ್ಧ ಪೇರಲ ಇಡುತ್ತೇವೆ. ಊಟ ಆದ ಕೂಡಲೇ ಚಹಾ ಮಾತ್ರ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಕಲಘಟಗಿಯಿಂದ:
ಕವಳಿ ನಮ್ಮ ಕಡೆ ಬೇಸಿಗೆಯಲ್ಲಿ ಬರುತ್ತದೆ. ಕಾಡಿನ ಹಣ್ಣು ಸಣ್ಣದು. ತಿರುಳು ಕಡಿಮೆ, ಸಿಪ್ಪೆ, ಬೀಜದ ಪಾಲು ಜಾಸ್ತಿ. ನಾರು, ಬಣ್ಣ ಹೆಚ್ಚಾಗಿ ಇರೋದು ಅಲ್ಲೇ. ತೋಟದ ಹಣ್ಣನ್ನು ಜನ ಗಾತ್ರಕ್ಕೆ, ಸಿಹಿಗೆ ನೋಡಿ ಬೆಳೆಸಿದ್ದು. ಹಾಗಂತ ಕಾಡಿನದ್ದೆಲ್ಲ ಮೇಲು ಅಂತ ನಾನು ಹೇಳಲ್ಲ. ಮಣ್ಣು, ತಳಿ, ಮಾಗಿದ ಹದ ಬದಲಾದರೆ ಸತ್ವವೂ ಬದಲು. ಮಕ್ಕಳಿಗೆ ಚೆನ್ನಾಗಿ ಕಪ್ಪಾದ ಕವಳಿಯನ್ನೇ ಕೊಡಿ. ಕಾಯಿಯ ಹಾಲು ತುಟಿಗೆ ಅಂಟುತ್ತದೆ. ಉಪ್ಪಿನಕಾಯಿ, ಮುರಬ್ಬ ರುಚಿಗೆ ಸರಿ, ಕುದಿಸಿದರೆ ಸಿ ವಿಟಮಿನ್ ಬಹಳಷ್ಟು ಹೋಗುತ್ತದೆ.

ಹಾವೇರಿಯಿಂದ:
ಮೇಲಿನವರು ನೇರಲ ಬಿಟ್ಟರು. ಅದರ ಒಗರು ಟ್ಯಾನಿನ್ ಅನ್ನೋ ಅಂಶದ್ದು. ಚಹಾದ ಹಾಗೆ ಅದೂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ತಿನ್ನಬಾರದು ಅಂತಲ್ಲ. ಊಟ ಬಿಟ್ಟು ಬೇರೆ ಹೊತ್ತಲ್ಲಿ ತಿನ್ನಲಿ.

ಹುಬ್ಬಳ್ಳಿಯಿಂದ, ಕೇಳಿದವರು:
ನೇರಲದ ವಿಷಯ ಗೊತ್ತೇ ಇರಲಿಲ್ಲ. ಗದಗದ ಕಡೆ ಹೋಗೋದಿದೆ, ಕಪ್ಪತಗುಡ್ಡದಲ್ಲಿ ಕಾಡುಹಣ್ಣು ಆರಿಸಬಹುದಾ?

ಗದಗದಿಂದ:
ಬೇಡ್ರೀ. 2019ರಿಂದ ಅದು ವನ್ಯಜೀವಿಧಾಮ, ಕೀಳೋ ಹಾಗಿಲ್ಲ. ಸಂತೆಯಲ್ಲಿ ಕೊಳ್ಳಿ, ತೊಳೆದು ಕೊಡಿ. ಬಾರಿ ಹಣ್ಣಾದರೆ ಒಡೆದು ನೋಡಿ ಕೊಡಿ, ಒಳಗೆ ಹುಳ ಇರೋದು ಮಾಮೂಲು.